ಉಡಿದಾರದ ತಾಯತ

“ಮ್ಯಾಚ್ ಆಗಿಲ್ಲ ಕಣಮ್ಮ. ಆ ದೇಹ ನಿಮ್ಮ ಮಗಂದಲ್ಲ.”

ಪ್ರಯೋಗಾಲಯದ ಪವಿತ್ರ ಇಷ್ಟು ಹೇಳಿದ್ದೇ ತಡ, ಪುಟ್ಟಲಿಂಗಮ್ಮ ಕಾರಿಡಾರಿನ ನೆಲದ ಮೇಲೇ ಕುಸಿದು ಕುಳಿತು ಕೈ ಮುಗಿದಳು. ಜೊತೆಗೆ ಬಂದಿದ್ದ ಪೊಲೀಸ್ ಪ್ರಭುಸ್ವಾಮಿ ಟೋಪಿ ತೆಗೆದು ಹಣೆ ಒರೆಸಿಕೊಂಡ. ಅವಳ ಮಗ ಸಿದ್ದೇಶನ ಗೂಡ್ಸ್ ಆಟೋ ನಾಲೆಯ ಏರಿಯ ಮೇಲೆ ಖಾಲಿ ನಿಂತದ್ದು ಕಂಡು ತಿಂಗಳಾಗುತ್ತ ಬಂದಿತ್ತು. ಆಮೇಲೆ ಕೆಳಗಿನ ತೂಬಿನ ಬಳಿ ಒಂದು ಹೆಣ ಸಿಕ್ಕಿತು. ನೀರು ಅದರ ಮುಖವನ್ನು ಉಳಿಸಿರಲಿಲ್ಲ. ಅದಕ್ಕೇ ತಾಯಿಯ ರಕ್ತ ತೆಗೆದು ತಾಳೆ ನೋಡಿದ್ದರು.

“ಸರಿಯಾಗಿ ನೋಡಿದ್ರೇನವ್ವ?”

“ಎರಡು ಸಲ ನೋಡಿದೀನಿ. ಮಗು ಅಂದ್ಮೇಲೆ ಅದರ ಡಿಎನ್‌ಎನಲ್ಲಿ ಅರ್ಧ ತಾಯೀದು, ಅರ್ಧ ತಂದೇದು ಇದ್ದೇ ಇರತ್ತೆ. ಈ ದೇಹದ್ದರಲ್ಲಿ ನಿಮ್ಮದು ಇಲ್ಲವೇ ಇಲ್ಲ. ಧೈರ್ಯವಾಗಿ ಮನೆಗೆ ಹೋಗಿ.”

“ನಿನ್ನ ಹೊಟ್ಟೆ ತಣ್ಣಗಿರ್ಲಿ,” ಎಂದು ಪುಟ್ಟಲಿಂಗಮ್ಮ ಅವಳ ಕೆನ್ನೆ ಸವರಿ ನೆಟಿಕೆ ಮುರಿದಳು.

ಮನೆಗೆ ಹೋಗುವ ಹಿನಕಲ್ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಎಷ್ಟು ದಿನವಾಗಿತ್ತೋ, ಅವತ್ತು ಹಸಿವಾಗುತ್ತಿತ್ತು. ಬರಲಿ ಅವನು, ಕಿವಿ ಹಿಂಡಿ ಕೇಳುತ್ತೇನೆ, ಎಲ್ಲಿ ಹಾಳಾಗಿ ಹೋಗಿದ್ದೆ ಅಂತ. ಆಮೇಲೆ ಅವನಿಗಿಷ್ಟವಾದ ಬಸ್ಸಾರು, ಮುದ್ದೆ. ಬೈಗುಳವನ್ನೂ ಅಡುಗೆಯನ್ನೂ ಒಟ್ಟಿಗೇ ಯೋಚಿಸುತ್ತ ಅವಳು ಒಬ್ಬಳೇ ನಗುತ್ತಿದ್ದಳು.

ಮುಂದಿನ ಸೀಟಿನಲ್ಲಿ ಎಳೆ ಬಾಣಂತಿಯೊಬ್ಬಳು ಮಗು ಹಿಡಿದು ಕೂತಿದ್ದಳು. ಪಕ್ಕದ ಮುದುಕಿ ಮಗುವಿನ ಕುಲಾವಿ ಸರಿಸಿ, “ಮೂಗು ನೋಡು, ನಿಂದೇ ಎರಕ ಹುಯ್ದಂಗದೆ,” ಎಂದಳು.

ಪುಟ್ಟಲಿಂಗಮ್ಮನ ನಗು ಅಲ್ಲೇ ನಿಂತಿತು. ಸಿದ್ದೇಶನ ಮೂಗು ಯಾರದು?

ಟ್ರಂಕಿನ ತಳದ ಫೋಟೋದಲ್ಲಿದ್ದ ದೇವೀರಮ್ಮನದು. ಚಿಕ್ಕಬಸವಯ್ಯನ ಮೊದಲ ಹೆಂಡತಿ, ಬಾಣಂತನದಲ್ಲೇ ಕಣ್ಣು ಮುಚ್ಚಿದವಳು. ಎರಡನೆಯವಳಾಗಿ ಪುಟ್ಟಲಿಂಗಮ್ಮ ಮನೆ ತುಂಬಿದಾಗ ಕೂಸು ಹತ್ತಿಯ ಬತ್ತಿಯಲ್ಲಿ ಹಾಲು ಚೀಪುತ್ತಿತ್ತು. ಮಲತಾಯಿ ಎಂಬ ಮಾತಿಗೆ ಹೆದರಿ ಅವಳು ಗಂಡನನ್ನು ಹೊರಡಿಸಿಕೊಂಡು ಊರು ಬಿಟ್ಟು ಮೈಸೂರಿಗೆ ಬಂದಳು. ಗಂಡ ತೀರಿಕೊಂಡ ಮೇಲೆ ಆ ವಿಷಯ ಅವಳೊಬ್ಬಳ ಎದೆಯಲ್ಲೇ ಉಳಿಯಿತು. ಸಿದ್ದೇಶನಿಗೂ ಗೊತ್ತಿರಲಿಲ್ಲ. ರಕ್ತ ತೆಗೆಯುವಾಗ ಪ್ರಭುಸ್ವಾಮಿ, “ನೀವು ತಾಯಿ ತಾನೆ?” ಎಂದು ಕೇಳಿದ್ದ. “ಇನ್ಯಾರಪ್ಪ?” ಎಂದಿದ್ದಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಆ ಹೊತ್ತಿಗೆ ಬೇರೆ ಮಾತು ಮನಸ್ಸಿಗೇ ಬರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆರದವಳಿಗೂ ಮುದ್ದಾಗಿರಬಹುದು ಎಂಬುದು ಆ ಗಾದೆ ಕಟ್ಟಿದವರಿಗೆ ತೋಚಲಿಲ್ಲ.

ಹಾಗಾದರೆ ಆ ಹೆಣ ಅವನದಲ್ಲ ಎಂದು ಹೇಳುವುದಕ್ಕೆ ಯಾರಿಂದಲೂ ಆಗುವುದಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಕೇಳುವುದಿಲ್ಲ. ಮಗ ಎಲ್ಲೋ ಬದುಕಿದ್ದಾನೆ ಎಂದುಕೊಂಡು ಸಾಯುವವರೆಗೂ ಬಾಗಿಲು ನೋಡುತ್ತ ಇರಬಹುದು. ಮನೆಗೆ ಬಂದು ಅನ್ನಕ್ಕಿಟ್ಟಳು, ಬಡಿಸಿಕೊಂಡಳು. ಸಿದ್ದೇಶ ಚಳಿ ತಡೆಯುವವನಲ್ಲ. ಮೀಸೆ ಬಂದ ಮೇಲೂ ಮಾರ್ಗಶಿರದಲ್ಲಿ ಅವಳ ಹಳೇ ಸೀರೆ ಹೊದ್ದು ಮಲಗುತ್ತಿದ್ದ. ಅವನೇ ಆಗಿದ್ದರೆ? ಆ ಐಸಿನ ಪೆಟ್ಟಿಗೆಯಿಂದ ತೆಗೆದು, ದಿಕ್ಕಿಲ್ಲದವನೆಂದು ಯಾರೋ ಗುಂಡಿಗೆ ಹಾಕಿಬಿಟ್ಟರೆ? ಅವಳು ತಟ್ಟೆ ಸರಿಸಿ ಟ್ರಂಕು ತೆರೆದಳು.

ಮರುದಿನ ಪವಿತ್ರಳ ಮುಂದೆ ನಿಂತಾಗ ಪುಟ್ಟಲಿಂಗಮ್ಮನ ಮುಷ್ಟಿಯಲ್ಲಿ ಕಪ್ಪಾದ ಒಂದು ಬೆಳ್ಳಿಯ ತಾಯತವಿತ್ತು.

“ತಪ್ಪು ಮಾಡ್ಬುಟ್ಟೆ ಕಣವ್ವ. ನಾನು...” ಪಕ್ಕದಲ್ಲಿದ್ದ ಪ್ರಭುಸ್ವಾಮಿಯ ಕಡೆ ನೋಡಿದಳು. ಮತ್ತೆ ನೆಲ ನೋಡಿದಳು. “ನಾನು ಅವನ್ನ ಹೆತ್ತಿಲ್ಲ.”

ಪವಿತ್ರ ಎದ್ದು ನಿಂತಳು.

“ಇದ್ರಾಗೆ ಅವನ ಹೊಕ್ಕಳ ಬಳ್ಳಿ ಒಣಗ್ಸಿ ಇಟ್ಟವ್ರೆ. ಅವನ ಅಜ್ಜಿ ಮಾಡ್ಸಿದ್ದು. ಉಡಿದಾರಕ್ಕೆ ಕಟ್ತಿದ್ದೆ. ಐಸ್ಕೂಲ್‌ಗೆ ಓದಾಗ ಹುಡುಗ್ರು ನಗ್ತಾರೆ ಅಂತ ಬಿಚ್ಚಾಕ್ಬುಟ್ಟ. ಆಯ್ತದಾ?”

“ಆಗತ್ತೆ ಅಮ್ಮ. ಒಂದು ಚೂರು ಸಾಕು. ಮಿಷನ್‌ನಲ್ಲಿ ಬಿಸಿ ಮಾಡಿ, ಆರಿಸಿ, ಮತ್ತೆ ಬಿಸಿ ಮಾಡ್ತಾ ಹೋದ್ರೆ ಅದರಲ್ಲಿರೋ ಡಿಎನ್‌ಎ ಒಂದು ಎರಡಾಗತ್ತೆ, ಎರಡು ನಾಲ್ಕಾಗತ್ತೆ. ಕೋಟಿಗಟ್ಟಲೆ ಆಗತ್ತೆ. ಆವಾಗ ನಮಗೆ ಕಾಣತ್ತೆ.”

“ಎಪ್ಪು ಆಕ್ದಂಗೆ?”

“ಹೂಂ, ಹೆಪ್ಪು ಹಾಕಿದ ಹಾಗೇನೇ.”

ಪುಟ್ಟಲಿಂಗಮ್ಮ ಮುಷ್ಟಿ ಬಿಚ್ಚಲು ತುಂಬ ಹೊತ್ತು ತೆಗೆದುಕೊಂಡಳು. “ಎಲ್ಲಾನೂ ತಗೋಬ್ಯಾಡಿ,” ಎಂದಳು.

ಅಲ್ಲಿಂದ ಮುಂದೆ ಅವಳು ಬೇಡಿಕೊಂಡದ್ದು ಒಂದೇ. ಆಗದಿರಲಿ, ದೇವರೇ, ತಾಳೆ ಆಗದಿರಲಿ. ಕೆಲಸಕ್ಕೆ ಹೋಗುತ್ತಿದ್ದ ಮದುವೆ ಛತ್ರದ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಅತ್ತರೆ ಯಾರೂ ಕಾರಣ ಕೇಳುವುದಿಲ್ಲ. ಅಷ್ಟು ಅನುಕೂಲ ಅವಳಿಗಿತ್ತು.

ಮತ್ತೆ ಕರೆ ಬಂದಾಗ ಪವಿತ್ರ ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಲಿಲ್ಲ. ಒಳಗೆ ಕರೆದು ಕುರ್ಚಿ ಎಳೆದು ಕೊಟ್ಟಳು. ಕುರ್ಚಿ ಕಂಡಾಗಲೇ ಪುಟ್ಟಲಿಂಗಮ್ಮನಿಗೆ ಗೊತ್ತಾಯಿತು.

“ಅಮ್ಮ...”

“ಕೋಟಿ ಆಯ್ತವೆ ಅಂದ್ರಲ್ಲ ಕಣವ್ವ,” ಎಂದಳು ಅವಳು. “ಅಷ್ಟರಾಗೆ ಒಬ್ಬ ಎದ್ದು ಬರಾಕಿಲ್ವಾ?”

ಪವಿತ್ರ ಪುಟ್ಟಲಿಂಗಮ್ಮನ ಪಕ್ಕ ಮಂಡಿಯೂರಿ ಕುಳಿತು, ತಾಯತವನ್ನು ಅವಳ ಅಂಗೈಗಿಟ್ಟಳು. ಹೇಳಿದಂತೆ ಒಳಗೆ ಒಂದು ಚೂರು ಉಳಿಸಿದ್ದಳು. ಪ್ರಭುಸ್ವಾಮಿ ಬಾಗಿಲಲ್ಲಿ ನಿಂತು, “ಬಾಡಿ ತಗೊಳೋಕೆ ಸೈನ್ ಹಾಕ್ಬೇಕು. ನೀವು ಅವನಿಗೆ ಏನಾಗ್ಬೇಕು ಅಂತ ಬರ್ಕೊಳ್ಳಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾನೇ ಬರೆದುಕೊಂಡ. “ತಾಯಿ ಅಂತ ಹಾಕಿದೀನಿ ಕಣಮ್ಮ.”

ಹಿನಕಲ್‌ನ ಸ್ಮಶಾನದಲ್ಲಿ ಬಿಳಿ ಬಟ್ಟೆ ಬಿಚ್ಚಬಾರದೆಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಪುಟ್ಟಲಿಂಗಮ್ಮ ಬಿಚ್ಚಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಹೊಸ ಕರೀ ದಾರ ತೆಗೆದು, ತಾಯತ ಪೋಣಿಸಿ, ಬಟ್ಟೆಯ ಮೇಲೆಯೇ ಅವನ ನಡುವಿಗೆ ಸುತ್ತಿದಳು. ಗುಂಡಿಯೊಳಗೆ ಇಳಿದಿದ್ದವರು ಬೇಗ ಬೇಗ ಎನ್ನುತ್ತಿದ್ದರು. ಅವಳು ಗಂಟು ಹಾಕಿದಳು. ಮತ್ತೆ ಬಿಚ್ಚಿ, ಮಗುವಿಗೆ ಒತ್ತದ ಹಾಗೆ, ಒಂದು ಬೆರಳು ಆಡುವಷ್ಟು ಸಡಿಲ ಬಿಟ್ಟು ಕಟ್ಟಿದಳು.