ಗವರ್ನರ್ ಹೇಳಿದ ಅರ್ಥ

"ಪಾದ್ರಿಗಳು ಏನ್ ಹೇಳ್ತಿದಾರೋ, ಟೋರ್ಕೆಲ್?"

ಕಿವಿ ಮಂದವಾದವರ ದೊಡ್ಡ ದನಿ ರಾಗ್ನಿಲ್ಡಳದು. ನಾರ್ವೆ ಭಾಷೆಯ ಆ ಮಾತು ಚರ್ಚಿನ ತುಂಬ ಕೇಳಿಸಿತು. ಪಾದ್ರಿ ಸ್ಟೂಬ್ ತಮ್ಮ ತಡವರಿಸುವ ಇಂಗ್ಲಿಷನ್ನು ಅಲ್ಲಿಗೇ ನಿಲ್ಲಿಸಿ, ಅವಳ ಪಕ್ಕ ಕುಳಿತಿದ್ದ ಮಗನ ಕಡೆ ನೋಡಿದರು. ಟೋರ್ಕೆಲ್ ಹೌಗೆನ್ ಅಮೆರಿಕದ ಆ ರಾಜ್ಯದ ಗವರ್ನರ್.

ಚರ್ಚು, ಶಾಲೆ, ರೈಲು, ಟೆಲಿಫೋನು, ಎಲ್ಲಿಯೂ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಕೂಡದೆಂದು ಆ ಬೇಸಿಗೆಯಲ್ಲಿ ಆಜ್ಞೆ ಹೊರಡಿಸಿದ್ದವನು ಅವನೇ. ಜರ್ಮನಿಯೊಡನೆ ಯುದ್ಧ ನಡೆದಿತ್ತು. ಹೊರಗಿನಿಂದ ಬಂದವರೆಂದರೆ ಜನಕ್ಕೆ ಗುಮಾನಿ. ಚಿಕ್ಕಂದಿನಲ್ಲಿ ನಾರ್ವೆಯಿಂದ ಹಡಗಿನಲ್ಲಿ ಬಂದು, ಹೊಲದಲ್ಲಿ ದುಡಿದು, ವಕೀಲನಾಗಿ ಮೇಲೇರಿದ ಟೋರ್ಕೆಲ್ ಎಲ್ಲರಿಗಿಂತ ಹೆಚ್ಚು ಅಮೆರಿಕದವನೆನಿಸಿಕೊಳ್ಳಬೇಕಿತ್ತು. ನವೆಂಬರಿನಲ್ಲಿ ಮತ್ತೆ ಚುನಾವಣೆ.

ಈ ದಿನದ ಪ್ರಾರ್ಥನೆ ಅವನ ತಮ್ಮನ ಮಗ ಆಮುಂಡ್‌ನಿಗಾಗಿ. ಹೆತ್ತವರಿಲ್ಲದ ಆ ಹುಡುಗನನ್ನು ಸಾಕಿದವಳು ರಾಗ್ನಿಲ್ಡ್; ಅವಳಿಗೆ ಇಂಗ್ಲಿಷ್ ಬಾರದು. ಅಮೆರಿಕದ ಸಮವಸ್ತ್ರ ತೊಟ್ಟು ಫ್ರಾನ್ಸಿಗೆ ಹೋದವನು ಅಲ್ಲೇ ಮಣ್ಣಾಗಿದ್ದ.

"ಆಮೇಲೆ ಹೇಳ್ತೀನಮ್ಮ," ಟೋರ್ಕೆಲ್ ಪಿಸುಗುಟ್ಟಿದ.

"ಜೋರಾಗಿ ಹೇಳೋ! ಈಗ ನಮ್ಮ ಹುಡುಗನ ಹೆಸರು ಬಂತಲ್ಲ, ಏನಂದ್ರು?"

ಹಿಂದಿನ ಸಾಲಿನಿಂದ ಪಕ್ಷದ ಕಾರ್ಯದರ್ಶಿ ಪ್ರೆಸ್ಕಾಟ್ ಬಗ್ಗಿದ. "ಪತ್ರಿಕೆಯವರು ಕೂತಿದಾರೆ ಸಾರ್. ಅಮ್ಮನ್ನ ಸ್ವಲ್ಪ ಹೊರಗೆ ಕರ್ಕೊಂಡು ಹೋಗ್ಲಾ?"

ರಾಗ್ನಿಲ್ಡ್ ಕಿವಿಗೆ ಅಂಗೈ ಅಡ್ಡ ಹಿಡಿದು, ಪಾದ್ರಿಯ ತುಟಿಗಳನ್ನೇ ನೋಡುತ್ತಿದ್ದಳು. ಟೋರ್ಕೆಲ್ ಎದ್ದು ನಿಂತ.

"ಮೊದಲಿಂದ ಹೇಳಿ ಪಾದ್ರಿಗಳೇ. ಒಂದೊಂದೇ ಮಾತು."

ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವನು ತಾಯಿಗೆ ಕೇಳುವಷ್ಟು ಜೋರಾಗಿ ನಾರ್ವೆ ಭಾಷೆಯಲ್ಲಿ ಹೇಳತೊಡಗಿದ. ಮಾತು ತುಕ್ಕು ಹಿಡಿದಿತ್ತು. ಸೈನಿಕರು ಅಡಗುವ ಕಂದಕಕ್ಕೆ ಪದ ಸಿಗದೆ ಕೈಯಿಂದ ನೆಲ ಅಗೆದಂತೆ ತೋರಿಸಿದಾಗ ಅವಳೇ, "ಗುಂಡಿ ಅನ್ನೋ, ಗೊತ್ತಾಗತ್ತೆ," ಅಂದಳು. ಪ್ರೆಸ್ಕಾಟ್ ಟೋಪಿ ಎತ್ತಿಕೊಂಡು ಹೊರಗೆ ನಡೆದ. ನವೆಂಬರಿನಲ್ಲಿ ಟೋರ್ಕೆಲ್ ಸೋತ; ಮತ್ತೆಂದೂ ಚುನಾವಣೆಗೆ ನಿಲ್ಲಲಿಲ್ಲ. ಆದರೆ ಆ ಹೊತ್ತಿನಲ್ಲಿ ಅವನು ಹಿಂತಿರುಗಿ ನೋಡಲಿಲ್ಲ.

ಗಾಯಗೊಂಡ ಗೆಳೆಯನಿಗೆ ನೀರು ಒಯ್ಯುವಾಗ ಆಮುಂಡ್‌ನಿಗೆ ಗುಂಡು ತಗುಲಿತು ಎಂಬಲ್ಲಿಗೆ ಪಾದ್ರಿಯ ಮಾತು ಮುಗಿಯಿತು.

"ನೀರು ತಲುಪಿತಂತಾ?" ರಾಗ್ನಿಲ್ಡ್ ಕೇಳಿದಳು.

ಟೋರ್ಕೆಲ್ ಅದನ್ನು ಇಂಗ್ಲಿಷಿನಲ್ಲಿ ಕೇಳಿದ.

"ಅದು ತಿಳಿದುಬಂದಿಲ್ಲ," ಅಂದರು ಪಾದ್ರಿ.

"ತಲುಪಿತಂತಮ್ಮ. ಅವನು ಕುಡಿದನಂತೆ."

ಎರಡೂ ಭಾಷೆ ಬಲ್ಲವರೇ ತುಂಬಿದ್ದ ಆ ಚರ್ಚಿನಲ್ಲಿ ಯಾರೂ ತಿದ್ದಲಿಲ್ಲ. ರಾಗ್ನಿಲ್ಡ್ ಬೆಂಚಿನ ಮೇಲೆ ಕೊಂಚ ಸರಿದು ಮಗನಿಗೆ ಜಾಗ ಮಾಡಿಕೊಟ್ಟಳು.