ಬಿಡಿಸುವ ಪದ

ಬಿಳಿ ಹೊದಿಕೆ ಏರಿತು, ಇಳಿಯಿತು, ಏರಿಸಿದ್ದು ಯಂತ್ರವೋ ಮಗಳೋ, ಗಾಜಿನಾಚೆ ನಿಂತವನಿಗೆ ಹೇಗೆ ತಿಳಿಯಬೇಕು, ಇಷ್ಟು ದಿನ ಯಂತ್ರವೇ ಏರಿಸಿದ್ದು, ಬಸ್ಸು ಓಡಿಸುವ ಮಗಳು, ಹಾರನ್ನಿಗಿಂತ ಗಂಟಲೇ ಜೋರು ಎಂದು ಕಂಡಕ್ಟರಿಂದ ಹೇಳಿಸಿಕೊಂಡವಳು, ಶ್ವಾಸಕೋಶಕ್ಕೆ ಸೋಂಕು ಹಿಡಿದು ಗಂಟಲಲ್ಲಿ ನಳಿಗೆ ಇಟ್ಟುಕೊಂಡು ಮಲಗಿದ್ದಾಳೆ — ಬೆಳಿಗ್ಗೆ ಡಾಕ್ಟರು, ಇವತ್ತು ವೀನ್ ಮಾಡಿ ನೋಡೋಣ ಅಂದರು, ಅವನಿಗೆ ವಿನ್ ಎಂದು ಕೇಳಿಸಿತು, ಸದ್ಯ, ಗೆಲ್ತೀವಿ ಅಂತಿದಾರಲ್ಲ, ಅಚ್ಚುಕೂಟದಲ್ಲಿ ಕರಡು ತಿದ್ದಿ ತಿದ್ದಿ ಕಣ್ಣು ಸವೆಸಿದವನು, ಪರರ ದೀರ್ಘಗಳನ್ನೆಲ್ಲ ಕಾದವನು, ಸ್ವಂತ ಮಗಳ ಪಾಲಿನ ದೀರ್ಘವನ್ನು ನುಂಗಿ ಕೂತ. ನರ್ಸಮ್ಮ ನಕ್ಕು ಬಿಡಿಸಿ ಹೇಳಿದಳು, ಗೆಲ್ಲೋದಲ್ಲ ಯಜಮಾನ್ರೇ, ಮಗೂಗೆ ಎದೆಹಾಲು ಬಿಡಿಸ್ತಾರಲ್ಲ, ಅದಕ್ಕೆ ಇಂಗ್ಲಿಷಲ್ಲಿ ವೀನ್ ಅಂತಾರೆ, ಮೆಷಿನ್ ಬಿಡಿಸೋಕೂ ಅದೇ, ಮಾತ್ರೆ ಬಿಡಿಸೋಕೂ ಅದೇ, ಒಂದೇ ಸಲ ಕಿತ್ತರೆ ಆಗಲ್ಲ, ಇಷ್ಟಿಷ್ಟೇ. ಇಷ್ಟಿಷ್ಟೇ — ಹರಿಯುವುದಲ್ಲ, ಕಡಿಯುವುದಲ್ಲ, ಬೇರೆ ಮಾಡುವುದೇ ಆದರೂ ಕತ್ತಿ ಹಿಡಿಯದ ಪದ, ಆದರೆ ಪೂರ್ತಿ ಬಿಡಿಸುವವರ ಕೈಲಿರುವ ಪದ, ಬಿಡಬೇಕಾದ ಜೀವವನ್ನು ಅದು ಒಂದು ಮಾತೂ ಕೇಳುವುದಿಲ್ಲ, ಮಗುವೇ ಹಾಲು ಬಿಟ್ಟಿತು ಅಂತ ನಾವಾದರೆ ಅಂತೀವಿ, ಎಲ್ಲಿ ಬಿಟ್ಟಿತ್ತು, ಹಾಲು ಬಿಡಿಸುವಾಗ ಇವಳ ಅಮ್ಮ ಪಕ್ಕದ ಮನೆಗೆ ಹೋಗಿ ಕೂತಳು, ನನ್ನ ವಾಸನೆ ಸಿಕ್ಕಿದ್ರೆ ಹಠ ಮಾಡ್ತಾಳೆ, ನೀವೇ ನೋಡ್ಕೊಳ್ಳಿ, ಮಗು ಅಪ್ಪನ ಅಂಗಿಯ ಗುಂಡಿ ಬಾಯಿಗಿಟ್ಟು ಚೀಪುತ್ತದೆ, ಮೋಸ ಗೊತ್ತಾಗುತ್ತದೆ, ಪುಟ್ಟ ಮುಷ್ಟಿ ಕಟ್ಟಿ ಅವನೆದೆಗೆ ಗುದ್ದುತ್ತದೆ, ಗುದ್ದಿ ಗುದ್ದಿ ಸೋತು ಅಲ್ಲೇ ನಿದ್ದೆ ಹೋಗುತ್ತದೆ, ಗೋಡೆಯಾಚೆ ಅವಳು ಎದೆ ಒದ್ದೆ ಮಾಡಿಕೊಂಡು ಕೂತಿದ್ದಳಂತೆ, ಮಗು ಅತ್ತಾಗಲೆಲ್ಲ ಹಾಲು ತಾನಾಗಿ ಇಳಿಯಿತಂತೆ — ಇವತ್ತೂ ಕರೆದರೆ ಬರಲಿಲ್ಲ, ಅಮ್ಮ ಕಣ್ಣಿಗೆ ಬಿದ್ರೆ ಉಸಿರಾಡೋಕೂ ಹಠ ಮಾಡ್ತಾಳೆ, ನೀವೇ ಇರಿ, ಎಂದು ಕಾರಿಡಾರಿನ ಬೆಂಚು ಹಿಡಿದಿದ್ದಾಳೆ.

ಒಳಗೆ ನಾಲ್ಕು ಜನ ಬಾಗಿದರು, ಬೆನ್ನುಗಳು, ಬರೀ ಬೆನ್ನುಗಳು, ಕೆಮ್ಮು, ನಳಿಗೆ ಹೊರಗೆ ಬಂತು, ಹೊದಿಕೆ ಇಳಿಯಿತು, ಏಳಲಿಲ್ಲ, ಏಳಮ್ಮ, ಏಳು ತಾಯಿ, ಯಾವತ್ತೂ ನಿನ್ನಿಂದ ಏನೂ ಕೇಳಿದವನಲ್ಲ ನಾನು, ಏರಿತು, ಮತ್ತೆ ಏರಿತು, ನರ್ಸಮ್ಮ ಬಾಗಿಲು ತೆಗೆದು ಕರೆದಳು, ಮಗಳ ತುಟಿಗೆ ಕಿವಿ ಕೊಟ್ಟರೆ ಸೊಪ್ಪು ಸರಿದಂಥ ದನಿ, ಅಮ್ಮ ಎಲ್ಲಿ. ಅವನು ಕಾರಿಡಾರಿಗೆ ಬಂದ, ಏನೆಂದು ಹೇಳುವುದು, ಬಿಟ್ಟಳು ಎನ್ನಲೇ, ಏನನ್ನು ಬಿಟ್ಟಳು, ಯಂತ್ರವನ್ನೋ ನಮ್ಮನ್ನೋ, ತೆಗೆದರು, ಮುಗೀತು, ಬಾಯಿಗೆ ಬರುವ ಪದವೆಲ್ಲ ಸಾವಿನ ಮನೆಯದೇ, ಒಂದೂ ಅಚ್ಚಿಗೆ ಹೋಗುವಂಥದ್ದಲ್ಲ, ಹೆಂಡತಿ ಅವನ ಮುಖ ನೋಡಿ ಬಿಳಿಚಿಕೊಂಡಳು, ಬಿಟ್ಲಾ, ಎಂದಳು, ಅವನು ಹೂಂ ಅಂದ, ಅಂದ ಮೇಲೆ ತಿಳಿಯಿತು, ಹಾಗಲ್ವೇ, ಮೆಷಿನ್ನು, ಮೆಷಿನ್ ಬಿಟ್ಟಿದಾಳೆ, ಕರೀತಿದಾಳೆ ನಿನ್ನ, ಅವಳಿಗೆ ಕೇಳಿಸಿತೋ ಇಲ್ಲವೋ, ಎದ್ದು ನಿಂತಿದ್ದಾಳೆ, ಒಂದು ಚಪ್ಪಲಿ ಸಿಕ್ಕಿದೆ, ಇನ್ನೊಂದು ಬೆಂಚಿನಡಿ ಹಿಂದಕ್ಕೆ ಜಾರಿದೆ, ಕಣ್ಣು ಬಾಗಿಲ ಮೇಲಿದೆ, ಪಾದ ಹುಡುಕುತ್ತಿದೆ, ಬರಿಯ ಪಾದ, ಬೆರಳು ಚಾಚಿ ನೆಲ ತಡಕುತ್ತಿರುವ ಪಾದ.