ಇಲ್ಲದ ತೂತು

ನಮ್ಮ ಅತ್ತೆಯ ಹೆಬ್ಬೆರಳಿಗೆ ಮೋಸ ಮಾಡಿ ಗೆದ್ದವರು ಯಾರೂ ಇಲ್ಲ. ನಾನಂತೂ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅದರ ಮುಂದೆ ಸೋಲುತ್ತಲೇ ಬಂದಿದ್ದೆ.

ನಮ್ಮದು ರಫು ಅಂಗಡಿ. ಸುಟ್ಟ, ಹರಿದ, ಇಲಿ ಕಡಿದ ಬಟ್ಟೆಗೆ ತೇಪೆ ಹಾಕುವುದಿಲ್ಲ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ತೂತಿದ್ದ ಜಾಗವನ್ನು ಮತ್ತೆ ನೇಯ್ದು ಕೂಡಿಸುತ್ತೇವೆ. ಐದು ಮಹಡಿಯ ಹಳೆಯ ಕಟ್ಟಡದಲ್ಲಿ ಮೆಟ್ಟಿಲ ಕೆಳಗೊಂದು ಕೋಣೆ, ಎರಡು ಕುರ್ಚಿ, ಪಕ್ಕದ ಮನೆಯ ಗೋಡೆಯನ್ನು ಬಿಟ್ಟು ಬೇರೇನೂ ಕಾಣದ ಒಂದು ಕಿಟಕಿ. ವಾಸ ಮೂರನೇ ಮಹಡಿಯಲ್ಲಿ. ರಫು ಮುಗಿದ ಮೇಲೆ ಪರೀಕ್ಷೆ ಇರುತ್ತದೆ. ಅತ್ತೆ ಕಣ್ಣು ಮುಚ್ಚಿ ಬಟ್ಟೆಯ ಮೇಲೆ ಹೆಬ್ಬೆರಳು ಎಳೆಯುತ್ತಾರೆ. ಬೆರಳು ಎಲ್ಲೂ ತಡೆಯದೆ ಸಾಗಿದರೆ ಪಾಸು. ಅವರದೇ ಕೆಲಸವಾದರೆ ಸಾಗುತ್ತಿತ್ತು, ನನ್ನದಾದರೆ ಗಕ್ಕನೆ ನಿಲ್ಲುತ್ತಿತ್ತು.

"ಇಲ್ಲಿ ಎಡವಿತು ನೋಡು," ಅನ್ನುತ್ತಿದ್ದರು ಅತ್ತೆ. "ಗಿರಾಕಿ ಕಣ್ಣಿಗೆ ಮಣ್ಣೆರಚಬಹುದು ಕಣೇ, ಬೆರಳಿಗೆ ಆಗಲ್ಲ."

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಆದರೂ ಎದುರು ಹೇಳುತ್ತಿರಲಿಲ್ಲ, ಯಾಕೆಂದರೆ ಅವರು ಹೇಳಿದ್ದು ಪ್ರತಿ ಸಲವೂ ನಿಜವಾಗಿರುತ್ತಿತ್ತು.

ಇಂಥ ಅತ್ತೆ ಒಂದು ದಿನ ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಟ್ಟರು. "ನಿನಗೆ ಅಭ್ಯಾಸ ಆಗಲಿ ಅಂತ," ಅಂದರು. ಇಷ್ಟು ವರ್ಷ ಸೂಜಿ ಹಿಡಿದವಳಿಗೆ ದಾರ ಪೋಣಿಸುವ ಅಭ್ಯಾಸ ಮಾಡಿಸುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಆಮೇಲೆ ನೀಲಿ ಎಳೆ ಕೇಳಿದರೆ ಕಪ್ಪು ಕೊಡುವುದು, ಕಿಟಕಿಯ ಹತ್ತಿರಕ್ಕೆ ಕುರ್ಚಿ ಎಳೆದುಕೊಳ್ಳುವುದು ಶುರುವಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಕಣ್ಣು ಮಂದವಾಗಿತ್ತು.

"ಕನ್ನಡಕ ಹಾಕಿಸಿಕೊಳ್ಳಿ ಅತ್ತೆ."

"ಕನ್ನಡಕದವಳ ಕೈಗೆ ಯಾರು ರಫು ಕೊಡ್ತಾರೆ? ನೋಡಿದ ತಕ್ಷಣ ಕೋಟು ವಾಪಸ್ ಕಿತ್ಕೊಂಡು ಹೋಗ್ತಾರೆ."

ಈ ಜಗಳದ ನಡುವೆ ಪ್ರವೇಶವಾದವರು ಲಿಫ್ಟ್ ಮಾವ. ನಮಗೆ ರಕ್ತಸಂಬಂಧವೇನೂ ಅಲ್ಲ, ಐದನೇ ಮಹಡಿಯ ಬಾಡಿಗೆದಾರರು. ದೊಡ್ಡ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸಿ ನಿವೃತ್ತರಾದವರು. ಜೀವಮಾನವೆಲ್ಲ ಕಬ್ಬಿಣದ ಪೆಟ್ಟಿಗೆಯೊಳಗೆ ಮೇಲೆ ಕೆಳಗೆ ಓಡಾಡಿ, ಹಗಲು ಹೇಗಿರುತ್ತದೆ ಎಂದು ಭಾನುವಾರ ಮಾತ್ರ ನೋಡಿದ ಮನುಷ್ಯ. ಅವರು ವಾಸಿಸುವ ಕಟ್ಟಡಕ್ಕೆ ಮಾತ್ರ ಲಿಫ್ಟ್ ಇಲ್ಲ. ಈಗ ಅವರು ತಾರಸಿಯ ಮೇಲೆ ಬೆಳಗಿನ ಸೂರ್ಯನನ್ನು ದಿಟ್ಟಿಸುವ ವಿದ್ಯೆ ಕಲಿಸತೊಡಗಿದ್ದರು.

"ಬರಿಗಾಲಲ್ಲಿ ನಿಲ್ಲಬೇಕು. ಹುಟ್ಟುವ ಸೂರ್ಯನ ಮೇಲೆ ಕಣ್ಣಿಡಬೇಕು. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ಕೊಂಡು ಹೋಗಬೇಕು," ಎಂದು ಅಂಗಡಿಯ ಬಾಗಿಲಿಗೆ ಒರಗಿ ವಿವರಿಸಿದರು. "ಮೊದಲು ಮನಸ್ಸಿನ ಕಾಯಿಲೆ ಹೋಗುತ್ತೆ. ಆಮೇಲೆ ಮೈ ಕಾಯಿಲೆ. ಆಮೇಲೆ ಕಣ್ಣು ಮಗುವಿನ ಕಣ್ಣಾಗುತ್ತೆ. ಕೊನೆಗೆ ಹಸಿವೂ ಹೋಗುತ್ತೆ." ಆಮೇಲೆ ನನ್ನ ಮುಖ ನೋಡಿ, "ಸಿಟ್ಟು ಕೂಡ ಹೋಗುತ್ತಂತೆ," ಎಂದು ಸೇರಿಸಿದರು.

"ಹಸಿವೇ ಹೋಗುತ್ತೆ ಅಂದ್ರೆ ನಿನ್ನೆ ನಮ್ಮನೇಲಿ ಎರಡನೇ ಸಲ ಬಡಿಸಿಕೊಂಡವರು ಯಾರು?" ಎಂದೆ.

"ನಾನಿನ್ನೂ ಆ ಹಂತಕ್ಕೆ ಬಂದಿಲ್ಲಮ್ಮ."

ನನಗೆ ನಗು ಬಂತು. ಅತ್ತೆಗೆ ಬರಲಿಲ್ಲ. ಅವರು ಉಳಿದ ಮಾತೆಲ್ಲ ಬಿಟ್ಟು ಮಗುವಿನ ಕಣ್ಣು ಎಂಬ ಒಂದನ್ನೇ ಹಿಡಿದುಕೊಂಡಿದ್ದರು. ಮರುದಿನ ಬೆಳಗ್ಗೆ ಎದ್ದು ನೋಡಿದರೆ ಅವರ ಚಪ್ಪಲಿ ತಾರಸಿಯ ಮೆಟ್ಟಿಲ ಮೇಲಿತ್ತು.

ಒಬ್ಬರೇ ಮೆಟ್ಟಿಲು ಹತ್ತುವುದು ಬೇಡವೆಂದು ನನ್ನ ಗಂಡನನ್ನೂ ಜೊತೆಗೆ ಕಳಿಸಿದೆ. ಅವನು ಬೇಕರಿಯವನು, ರಾತ್ರಿಯೆಲ್ಲ ಒಲೆಯ ಮುಂದೆ ನಿಂತು ಬೆಳಗ್ಗೆ ಮನೆಗೆ ಬರುವವನು. ಅಮ್ಮನ ಪಕ್ಕ ನಿಂತುಕೊಂಡರೆ ಸಾಕು ಎಂದಿದ್ದೆ. ಎರಡನೇ ಮಹಡಿಯ ಪಿಟೀಲು ಮೇಡಂ ಕೂಡ ತಲೆನೋವಿನ ನೆಪದಲ್ಲಿ ಸೇರಿಕೊಂಡರು. ಇಷ್ಟು ಜನ ಸೇರಿದ ಮೇಲೆ ಲಿಫ್ಟ್ ಮಾವನನ್ನು ಹಿಡಿಯುವವರೇ ಇಲ್ಲ. ಹಳೆಯ ಸಮವಸ್ತ್ರದ ಟೋಪಿಯನ್ನು ಇಸ್ತ್ರಿ ಮಾಡಿಸಿಕೊಂಡು ಬಂದು, ಸಾಲಿನ ಮುಂದೆ ನಿಂತು, "ಮೇಲೆ... ಇನ್ನೂ ಮೇಲೆ..." ಎಂದು ಎಲ್ಲರ ಮನಸ್ಸನ್ನೂ ಮಹಡಿ ಹತ್ತಿಸುತ್ತಿದ್ದರಂತೆ.

"ಸೂರ್ಯನ್ನ ದಿಟ್ಟಿಸಿದ್ರೆ ಕಣ್ಣು ಸುಡುತ್ತೆ ಅತ್ತೆ. ಇದು ಚಿಕ್ಕ ಮಕ್ಕಳಿಗೂ ಗೊತ್ತು," ಎಂದೆ.

"ಚಿಕ್ಕ ಮಕ್ಕಳಿಗೆ ಕಣ್ಣು ಚೆನ್ನಾಗಿರುತ್ತೆ. ಅವರಿಗೆ ಯಾಕೆ ಬೇಕು," ಎಂದರು ಅತ್ತೆ. ಇಂಥ ತರ್ಕದ ಮುಂದೆ ಯಾವ ಸೊಸೆ ಗೆಲ್ಲುತ್ತಾಳೆ? ಅಂಗಡಿಯಲ್ಲಿ ಬಣ್ಣಗಳೆಲ್ಲ ಹೊಳೆಯುತ್ತಿವೆ ಎಂದು ಬೇರೆ ಹೇಳತೊಡಗಿದರು. ಆದರೆ ಸೂಜಿಗೆ ದಾರ ಪೋಣಿಸುವವಳು ಮಾತ್ರ ನಾನೇ.

ಹೀಗಿರುವಾಗ ಹೋಟೆಲಿನ ಬಾಗಿಲು ಕಾಯುವವನು ತನ್ನ ಬೂದು ಬಣ್ಣದ ಉದ್ದ ಕೋಟು ತಂದ. ಯಾವನೋ ಅತಿಥಿಯ ಸಿಗರೇಟು ತಗುಲಿ ಒಂದು ಸಣ್ಣ ತೂತಾಗಿದೆ, ಮ್ಯಾನೇಜರನ ಕಣ್ಣಿಗೆ ಬೀಳುವ ಮೊದಲು ಸರಿಮಾಡಿಕೊಡಿ ಎಂದು ಹೇಳಿ, ಎಲ್ಲಿ ಎಂದು ತೋರಿಸುವ ಮೊದಲೇ ಕೆಲಸಕ್ಕೆ ಓಡಿದ. ಅತ್ತೆ ಕೋಟನ್ನು ಮೇಜಿನ ಮೇಲೆ ಹರಡಿ ನೋಡಿದ ಕೂಡಲೇ, "ಇಲ್ಲೇ ಇದೆ," ಎಂದು ಎದೆಯ ಜೇಬಿನ ಪಕ್ಕ ಸೀಮೆಸುಣ್ಣದಿಂದ ಸುತ್ತು ಹಾಕಿದರು. ತೂತು ಕಂಡ ಕೂಡಲೇ ಸುತ್ತು ಹಾಕುವುದು, ಸುಟ್ಟ ಅಂಚನ್ನು ಕತ್ತರಿಸಿ ತೆಗೆಯುವುದು, ಆಮೇಲೆ ನೇಯುವುದು ನಮ್ಮ ಕ್ರಮ. ನಾನು ಅಂದು ಒಂದು ಕಂಬಳಿಯ ಜೊತೆ ಗುದ್ದಾಡುತ್ತಿದ್ದೆ, ತಲೆ ಎತ್ತಿ ನೋಡಲಿಲ್ಲ.

ಆ ದಿನ ಅತ್ತೆ ಬಹಳ ಹೊತ್ತು ಗೊಣಗಿದರು. "ಏನು ಹಠಮಾರಿ ತೂತೇ ಇದು. ಎಷ್ಟು ತುಂಬಿದ್ರೂ ತುಂಬ್ತಾನೇ ಇಲ್ಲ." ಕೊನೆಗೆ ಬೇಸತ್ತು ಕಣ್ಣು ಮುಚ್ಚಿಕೊಂಡು, ಬೆರಳ ಲೆಕ್ಕದಲ್ಲೇ ಉಳಿದ ಎಳೆಗಳನ್ನು ಹಾಕಿ ಮುಗಿಸಿದರು. ಹೆಬ್ಬೆರಳು ಎಳೆದರು, ಎಲ್ಲೂ ತಡೆಯಲಿಲ್ಲ. ಬಾಗಿಲು ಕಾಯುವವನು ಬಂದು ಮಡಿಸಿದ ಕೋಟನ್ನು ಹಾಗೆಯೇ ತೆಗೆದುಕೊಂಡು ಹೋದ.

ಮರುದಿನ ಮಧ್ಯಾಹ್ನ ಅವನು ಕೋಟಿನ ಸಮೇತ ಮತ್ತೆ ಹಾಜರು. ಅತ್ತೆ ಊಟಕ್ಕೆಂದು ಮೇಲೆ ಹೋಗಿದ್ದರು.

"ಅಮ್ಮಾ, ತೂತು ಹಾಗೇ ಇದೆಯಲ್ಲ," ಎಂದು ಎಡತೋಳನ್ನು ಮುಂದೆ ಮಾಡಿದ. ಮೊಣಕೈಯ ಕೆಳಗೆ ಸಿಗರೇಟಿನ ತೂತು ನನ್ನನ್ನೇ ನೋಡುತ್ತಿತ್ತು.

ಅತ್ತೆ ಮರೆತಿರಬೇಕು ಎಂದುಕೊಂಡು ಒಳಮಡಿಕೆ ತಿರುಗಿಸಿದೆ. ಅಲ್ಲಿಂದ ಎಳೆಗಳನ್ನು ತೆಗೆದದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ತೆಗೆದ ಎಳೆ ಎಲ್ಲಿಗೆ ಹೋಯಿತು? ಸೀಮೆಸುಣ್ಣದ ನೆನಪಾಗಿ ಎದೆಯ ಭಾಗವನ್ನು ಹಿಂದುಮುಂದು ಮಾಡಿ ಕಿಟಕಿಗೆ ಹಿಡಿದೆ. ಮುಂದಿನಿಂದ ಏನೂ ಇಲ್ಲ. ಹಿಂದಿನಿಂದ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರೆ, ಬಟಾಣಿಯಷ್ಟಗಲ ಒಂದು ರಫು. ಅಷ್ಟು ಸೊಗಸಾದ ರಫುವನ್ನು ನಾನು ಹಿಂದೆ ನೋಡಿರಲಿಲ್ಲ. ಏನೂ ಆಗದ ಒಳ್ಳೆಯ ಬಟ್ಟೆಯನ್ನು ಕತ್ತರಿಸಿ ತೆಗೆದು, ಅಲ್ಲಿ ಮತ್ತೆ ಒಳ್ಳೆಯ ಬಟ್ಟೆ ನೇಯ್ದಿದ್ದರು.

ಅತ್ತೆ ತುಂಬಿದ ತೂತು ಕೋಟಿನಲ್ಲಿರಲಿಲ್ಲ, ಅವರ ಕಣ್ಣಿನಲ್ಲಿತ್ತು. ಅದಕ್ಕೇ ಎಷ್ಟು ತುಂಬಿದರೂ ತುಂಬಲಿಲ್ಲ. ಅತ್ತೆಯ ಕಣ್ಣು ಹೋದರೆ ಈ ಅಂಗಡಿ ನಡೆಯುವುದಿಲ್ಲ ಎಂಬ ಯೋಚನೆ ಆಮೇಲೆ ಬಂದದ್ದು. ಮೊದಲು ಬಂದದ್ದು ಬರೀ ಭಯ, ಅತ್ತೆಯ ಮೇಲೆ ನನಗೆ ಇಷ್ಟು ಪ್ರೀತಿ ಇದೆ ಎಂದು ನನಗೇ ತೋರಿಸಿಕೊಟ್ಟ ಭಯ.

ಬಾಗಿಲು ಕಾಯುವವನಿಗೆ ಎರಡು ದಿನದ ವಾಯಿದೆ ಹೇಳಿ ಕಳಿಸಿದೆ. ಅತ್ತೆಗೆ ಹೇಗೆ ಹೇಳುವುದೆಂದು ಸಂಜೆಯೆಲ್ಲ ಯೋಚಿಸಿದರೂ ಬಾಯಿ ಬರಲಿಲ್ಲ. ಬೆಳಗ್ಗೆ ಎದ್ದಾಗ ಅವರ ಹಾಸಿಗೆ ಖಾಲಿ. ಮೂಗಿನ ತುದಿಯ ಸಿಟ್ಟು ನೆತ್ತಿಗೇರಿತು. ಕೋಟನ್ನು ಬಗಲಲ್ಲಿ ಇಟ್ಟುಕೊಂಡು ತಾರಸಿಗೆ ಹೋದೆ.

ತಾರಸಿಯ ಬಾಗಿಲಲ್ಲಿ ನಿಂತವಳು ಬೈಯಲು ತೆರೆದ ಬಾಯಿ ಹಾಗೇ ಬಿಟ್ಟೆ. ನಾಲ್ವರೂ ಸೂರ್ಯನ ಕಡೆ ಮುಖ ಮಾಡಿ ನಿಂತಿದ್ದರು. ಲಿಫ್ಟ್ ಮಾವ "ಮೇಲೆ... ಇನ್ನೂ ಮೇಲೆ..." ಅನ್ನುತ್ತಿದ್ದರು, ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಕಣ್ಣು ಗಟ್ಟಿಯಾಗಿ ಮುಚ್ಚಿದ್ದರು. ನನ್ನ ಗಂಡ ನಿಂತಲ್ಲೇ ನಿದ್ದೆ ಹೋಗಿ ಗಾಳಿಗೆ ತೂಗುತ್ತಿದ್ದ. ಪಿಟೀಲು ಮೇಡಂ ಪಕ್ಕದ ತಾರಸಿಯಲ್ಲಿ ಒಣಹಾಕಿದ್ದ ಬಟ್ಟೆಗಳನ್ನು ಒಂದೊಂದಾಗಿ ಪರಿಶೀಲಿಸುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಲ್ಲರದೂ ಕಳ್ಳಾಟ. ಅತ್ತೆ ಒಬ್ಬರೇ, ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ರೆಪ್ಪೆ ಬಡಿಯದೆ ಸೂರ್ಯನನ್ನೇ ನೋಡುತ್ತಿದ್ದರು.

ಓಡಿಹೋಗಿ ಅವರ ಕಣ್ಣಿಗೆ ಕೈ ಅಡ್ಡ ಹಿಡಿದೆ. "ಸಾಕು ಅತ್ತೆ."

"ಬಿಡೇ, ಇನ್ನೂ ಸ್ವಲ್ಪ ಬಾಕಿ ಇದೆ. ಎಲ್ಲರೂ ನೋಡ್ತಿಲ್ವಾ?"

"ಯಾರೂ ನೋಡ್ತಿಲ್ಲ. ನಿಮ್ಮ ಗುರುಗಳೇ ಕಣ್ಣು ಮುಚ್ಚಿದ್ದಾರೆ."

ಲಿಫ್ಟ್ ಮಾವ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಮೊದಲ ದಿನವೇ ಚುಚ್ಚಿಬಿಡ್ತಮ್ಮ. ಹೇಳೋಕೆ ನಾಚಿಕೆಯಾಯ್ತು. ಎಲ್ಲರೂ ನನ್ನ ಥರಾನೇ ಮುಚ್ಚಿಕೊಂಡಿರ್ತಾರೆ ಅಂದುಕೊಂಡೆ."

"ಈ ವಿದ್ಯೆ ನಿಮಗೆ ಹೇಳಿಕೊಟ್ಟವರು ಯಾರು?"

"ಲಿಫ್ಟಿನಲ್ಲಿ ಕೇಳಿದ್ದು. ಇಬ್ಬರು ಮಾತಾಡ್ತಾ ಹತ್ತಿದ್ರು. ಒಬ್ಬ ತನ್ನ ಭಾವಮೈದ ಸೂರ್ಯನ್ನ ನೋಡಿ ನೋಡಿ ಎಲ್ಲಾ ಕಾಯಿಲೆ ಕಳೆದುಕೊಳ್ತಾನಂತೆ ಅಂತ ಹೇಳ್ತಿದ್ದ. 'ಆಮೇಲೆ ಏನಾಯ್ತು ಗೊತ್ತಾ' ಅಂದ. ಅಷ್ಟರಲ್ಲಿ ಅವರ ಮಹಡಿ ಬಂತು, ಇಳಿದುಹೋದ್ರು."

"ಆಮೇಲೆ ಏನಾಯ್ತು?"

"ಅದನ್ನ ನಾನೆಲ್ಲಿ ಕೇಳಲಿ? ನನಗೆ ಗೊತ್ತಿರೋ ಕತೆ ಎಲ್ಲಾ ಅರ್ಧರ್ಧವೇ ಅಮ್ಮ. ಉಳಿದರ್ಧ ನಾನೇ ಒಳ್ಳೇದಾಗಿರುತ್ತೆ ಅಂದುಕೊಳ್ತೀನಿ."

ಇದಕ್ಕೆ ಬೈಯುವುದೋ ನಗುವುದೋ ತಿಳಿಯಲಿಲ್ಲ. ಅತ್ತೆಯನ್ನು ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂರಿಸಿ ಕೋಟನ್ನು ತೊಡೆಯ ಮೇಲೆ ಹರಡಿದೆ. ಅವರ ಹೆಬ್ಬೆರಳನ್ನು ಹಿಡಿದು ಎಡತೋಳಿನ ಮೇಲೆ ಇಟ್ಟೆ. ಬೆರಳು ಸರಿದು ಸರಿದು ತೂತಿನೊಳಗೆ ಇಳಿಯಿತು. ಅಲ್ಲೇ ನಿಂತಿತು.

"ತೂತು ಇಲ್ಲಿತ್ತಾ?" ಎಂದರು. ಆಮೇಲೆ ತಾವಾಗಿಯೇ ಎದೆಯ ಭಾಗವನ್ನು ಹುಡುಕಿ ಅಂಗೈಯಿಂದ ಸವರಿದರು. "ಹಾಗಾದ್ರೆ ಇಲ್ಲಿ ಒಳ್ಳೇ ಬಟ್ಟೆ ಕತ್ತರಿಸಿದೆ ಅಲ್ವಾ ನಾನು?"

"ಹೂಂ."

"ಎಲ್ಲಿ ನೋಡಿದರೂ ಒಂದು ಚುಕ್ಕೆ ಕಾಣುತ್ತೆ ಕಣೇ. ನಿನ್ನ ಮುಖದ ಮೇಲೂ ಇದೆ." ಅವರ ದನಿ ಚಿಕ್ಕದಾಗಿತ್ತು. "ಕಾಯಿಲೆ ಹೊರಗೆ ಬರ್ತಿದೆ ಅಂದುಕೊಂಡಿದ್ದೆ."

ನಾನು ಅತ್ತುಬಿಟ್ಟೆ. ಅಷ್ಟರಲ್ಲಿ ಎಚ್ಚರಗೊಂಡ ನನ್ನ ಗಂಡ, ಏನಾಯಿತೆಂದು ತಿಳಿಯದೆ, ಅಮ್ಮನ ಕಣ್ಣು ವಾಸಿಯಾಯಿತೇನೋ ಎಂದುಕೊಂಡು ನಕ್ಕ. ಅವನಿಗೆ ಆಮೇಲೆ ಮೆಟ್ಟಿಲುದ್ದಕ್ಕೂ ವಿವರಿಸಿದೆ.

ಅಂದೇ ಕರೆದುಕೊಂಡು ಹೋದೆವು. ಕಣ್ಣಿನ ಡಾಕ್ಟರಮ್ಮ ದೀಪ ಹಾಕಿ ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂದಿನ ಪರದೆ ಸ್ವಲ್ಪ ಸುಟ್ಟಿದೆ, ಚುಕ್ಕೆ ಕೆಲವು ತಿಂಗಳಲ್ಲಿ ಮಾಸಬಹುದು, ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ, ಸೂರ್ಯನ ಸಹವಾಸ ಮಾತ್ರ ಇನ್ನು ಬೇಡ ಎಂದರು. ಮೊದಲಿದ್ದ ಮಬ್ಬು ಬರೀ ವಯಸ್ಸಿನದು, ಅದಕ್ಕೆ ಒಂದು ಕನ್ನಡಕ ಸಾಕಾಗಿತ್ತು ಎಂದೂ ಹೇಳಿದರು. ಅತ್ತೆ ನನ್ನ ಕಡೆ ತಿರುಗಲಿಲ್ಲ. 'ಆಗಲೇ ಹೇಳಿದ್ದೆ' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ವಾಯಿದೆಯ ದಿನ ಕೋಟಿನ ತೋಳಿನ ರಫುವಿಗೆ ನಾನೇ ಕೂತೆ. ಮಡಿಕೆಯ ಎಳೆಯನ್ನೆಲ್ಲ ಅತ್ತೆ ಇಲ್ಲದ ತೂತಿಗೆ ಸುರಿದಿದ್ದರಿಂದ ಕಾಲರಿನ ಹಿಂಬದಿಯಿಂದ ಕದಿಯಬೇಕಾಯಿತು. ಹೊಸ ಕನ್ನಡಕ ಏರಿಸಿಕೊಂಡು ಅತ್ತೆ ಪಕ್ಕದಲ್ಲೇ ಕೂತಿದ್ದರು. ಚುಕ್ಕೆಯನ್ನು ತಪ್ಪಿಸಲು ತಲೆ ಓರೆ ಮಾಡಿ, ಕೋಳಿ ಕಾಳು ನೋಡುವ ಹಾಗೆ ನನ್ನ ಕೈ ನೋಡುತ್ತಿದ್ದರು. ಅಷ್ಟರಲ್ಲಿ ಲಿಫ್ಟ್ ಮಾವ ಬಾಗಿಲಲ್ಲಿ ತಲೆ ಹಾಕಿ, ಇನ್ನು ಮುಂದೆ ತಾರಸಿಯಲ್ಲಿ ಸೂರ್ಯನಿಗೆ ಬೆನ್ನು ಕೊಟ್ಟು ಕೂರುವ ವಿದ್ಯೆ, ಬೆನ್ನುನೋವಿಗೆ ಒಳ್ಳೆಯದು ಎಂದರು.

"ಅದನ್ನ ಪೂರ್ತಿ ಕೇಳಿದ್ದೀರಾ?" ಎಂದರು ಅತ್ತೆ.

"ಇದು ಯಾರೂ ಹೇಳಿದ್ದಲ್ಲ. ಕೂತು ನೋಡಿದೆ, ಹಾಯಾಗಿತ್ತು," ಎಂದು ಹೇಳಿ ಹೋದರು.

ಕೊನೆಯ ಎಳೆ ಹಾಕಿ, ಬಟ್ಟೆ ಕೊಡವಿ, ಕೋಟನ್ನು ಅತ್ತೆಯ ಮುಂದೆ ಇಟ್ಟೆ. ಅವರು ಕನ್ನಡಕ ತೆಗೆದು ಕಣ್ಣು ಮುಚ್ಚಿದರು. ಹೆಬ್ಬೆರಳು ಭುಜದಿಂದ ಹೊರಟಿತು. ಮೊಣಕೈ ದಾಟಿತು, ಇನ್ನೂ ಕೆಳಗೆ ಇಳಿಯಿತು, ನನ್ನ ರಫುವಿನ ಮೇಲೆಯೇ ಹಾದು ಹೋಯಿತು, ತೋಳಿನ ತುದಿಯ ಗುಂಡಿಗೆ ಬಡಿದು ನಿಂತಿತು. ಮತ್ತೆ ಭುಜಕ್ಕೆ ಹೋಗಿ ಇನ್ನೊಮ್ಮೆ ಬಂತು. ಮತ್ತೆ ಗುಂಡಿಯೇ.

"ಎಲ್ಲಿ ಮಾಡಿದ್ದೀಯೇ?" ಎಂದರು.

ಕಣ್ಣಿಗೆ ಪೆಟ್ಟು ಬಿದ್ದ ಮೇಲೆ ಮನಸ್ಸು ಮೆತ್ತಗಾಗಿ ನನ್ನನ್ನು ಸಂತೋಷಪಡಿಸಲು ಹೀಗೆ ಹೇಳುತ್ತಿದ್ದಾರೋ ಎಂದು ಒಂದು ಗಳಿಗೆ ಅನುಮಾನ ಬಂತು. ಆಮೇಲೆ ತಾರಸಿಯ ನೆನಪಾಯಿತು. ಎಲ್ಲರೂ ಕಳ್ಳಾಟ ಆಡುತ್ತಿದ್ದಾಗ ಕಣ್ಣು ತೆರೆದು ನಿಂತಿದ್ದವರು ಇವರೊಬ್ಬರೇ. ಅವರ ಬೆರಳನ್ನು ಹಿಡಿದು ರಫುವಿನ ಮೇಲೆ ಇಟ್ಟೆ, ಇಲ್ಲಿ ಅತ್ತೆ ಎಂದೆ.